ನಾದಿನಿಯ ಕೋಟು, ಗಾಜನೂರಿನ ಬೆಂಕಿ

ಚಳಿ ಕಾಯಿಸಲೆಂದು ಬೆಂಕಿ ಹಾಕಿದ ಮೇಲೆ ಅದರಿಂದ ಹದಿನೈದು ಅಡಿ ದೂರ ಹೋಗಿ ಕೂತು ನಡುಗಿದವರು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಮೈಮೇಲೆ ಬೆಚ್ಚಗಿನದು ಏನೂ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು, ಬೇಕಾದಷ್ಟು ಬೆಚ್ಚಗಿತ್ತು. ಆದರೆ ಆ ಕೋಟು ಕುತ್ತಿಗೆಯಿಂದ ಸೊಂಟದವರೆಗೆ ಮಾತ್ರ, ನನ್ನ ಚಳಿಯೆಲ್ಲ ಇರುವುದು ಪಾದದಲ್ಲಿ. ಪಾದವನ್ನು ಬೆಂಕಿಯ ಹತ್ತಿರ ಒಯ್ಯೋಣವೆಂದರೆ ಮೇಲಿನ ಕೋಟೂ ಜೊತೆಗೇ ಬರುತ್ತದೆ. ಎರಡನ್ನೂ ಬೇರೆ ಬೇರೆ ಕೂರಿಸುವ ವಿದ್ಯೆ ಗೊತ್ತಿಲ್ಲದ್ದರಿಂದ ಇಬ್ಬರೂ ದೂರವೇ ಕೂತೆವು, ನಾನು ಮತ್ತು ಕೋಟು.

ಕೋಟು ನನ್ನದಾಗಿದ್ದರೆ ಇಷ್ಟೆಲ್ಲ ಇರುತ್ತಿರಲಿಲ್ಲ. ಅದು ನನ್ನ ನಾದಿನಿ ವತ್ಸಲಳದು. ಅವಳಿರುವುದು ಭದ್ರಾವತಿಯಲ್ಲಿ, ನಾನಿರುವುದು ಶಿವಮೊಗ್ಗದ ದುರ್ಗಿಗುಡಿಯಲ್ಲಿ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವುದು ನನ್ನ ಕೆಲಸ. ಕಳೆದ ಡಿಸೆಂಬರಿನಲ್ಲಿ ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಇಮ್ತಿಯಾಜ್ ಸರ್, 'ಮಕ್ಕಳನ್ನ ಎಷ್ಟು ಸಲ ಕ್ಯಾಂಪಿಗೆ ಕರ್ಕೊಂಡು ಹೋದ್ವಿ, ಒಂದು ಸಲ ನಾವೇ ಹೋಗೋಣ' ಎಂದು ಹಟ ಹಿಡಿದು, ಗಾಜನೂರಿನಲ್ಲಿ ತುಂಗೆಯ ಹಿನ್ನೀರಿನ ದಡದಲ್ಲಿ ಟೆಂಟು ಹಾಕಿ ಒಂದು ರಾತ್ರಿ ಇರುವ ಏರ್ಪಾಡು ಮಾಡಿದರು. ಐವತ್ತು ದಾಟಿದ ನಮ್ಮಂಥವರಿಗೆ ಟೆಂಟಿನಲ್ಲಿ ಮಲಗುವುದು ಏನೂ ಅಲ್ಲ, ಬೆಳಿಗ್ಗೆ ಅದರೊಳಗಿಂದ ಏಳುವುದೇ ಸಾಹಸ. ಆದರೂ ಎಲ್ಲರೂ ಹ್ಞೂಂ ಎಂದೆವು. ನನ್ನ ಹತ್ತಿರ ಇದ್ದ ಬೆಚ್ಚಗಿನ ಬಟ್ಟೆಯೆಂದರೆ ಮೊಣಕೈ ಸವೆದ ಒಂದು ಸ್ವೆಟರು. ಇದನ್ನು ನಮ್ಮ ಯಜಮಾನರು ಫೋನಿನಲ್ಲಿ ತಂಗಿಗೆ ಹೇಳಿದ್ದಾರೆ. ಮಾರನೆಯ ದಿನವೇ ವತ್ಸಲಾ ಬಸ್ಸು ಹತ್ತಿ ಬಂದು, ಬಾಗಿಲಲ್ಲೇ ಒಂದು ಚೀಲ ಕೈಗಿತ್ತಳು.

'ಅತ್ತಿಗೆ, ಹೊಳೆ ದಡದಲ್ಲಿ ಚಳಿ ಜಾಸ್ತಿ. ಇದನ್ನ ಹಾಕ್ಕೊಳ್ಳಿ. ಬೆಂಕಿ ಹತ್ರ ಮಾತ್ರ ಸ್ವಲ್ಪ ಹುಷಾರು, ಒಂದು ಕಿಡಿ ಬಿದ್ರೂ ತೂತಾಗುತ್ತಂತೆ.'

ಕಾಫಿ ಕುಡಿದು ಹೋಗು ಎಂದರೆ 'ಇಲ್ಲ, ಬರ್ತೀನಿ ಅತ್ತಿಗೆ' ಎಂದು ಹೊರಟೇಬಿಟ್ಟಳು.

ಚೀಲದಲ್ಲಿದ್ದದ್ದು ಕಡುನೀಲಿ ಬಣ್ಣದ, ಉಬ್ಬುಬ್ಬಿದ ಕೋಟು. ಹಿಡಿದರೆ ತೂಕವೇ ಇಲ್ಲ, ಮುಟ್ಟಿದರೆ ಸರಬರ ಸದ್ದು. ಲಡಾಖಿಗೆ ಹೋಗಲೆಂದು ಅವಳು ಬೆಂಗಳೂರಿನ ದೊಡ್ಡ ಅಂಗಡಿಯೊಂದರಲ್ಲಿ ಕೊಂಡದ್ದಂತೆ. ಬೆಲೆಯ ಚೀಟಿ ಇನ್ನೂ ತೋಳಿನಲ್ಲಿ ತೂಗಾಡುತ್ತಿತ್ತು. ನೋಡಿದೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಆಮೇಲೆ ಚೀಟಿಯನ್ನು ತೋಳಿನೊಳಕ್ಕೆ ತುರುಕಿ, ನೋಡಿಯೇ ಇಲ್ಲವೆಂದುಕೊಂಡು ಮಡಿಸಿಟ್ಟೆ.

ಬೆಲೆಗಿಂತ ನನ್ನನ್ನು ಹೆದರಿಸಿದ್ದು ಅವಳ ಆ 'ಅತ್ತಿಗೆ', ಆ 'ಹಾಕ್ಕೊಳ್ಳಿ'. ಅಣ್ಣನ ಹೆಂಡತಿಯನ್ನು ಅತ್ತಿಗೆ ಎನ್ನದೆ ಇನ್ನೇನು ಎನ್ನಬೇಕು ಎಂದು ನಿಮಗನಿಸೀತು. ವಿಷಯ ಇರುವುದೇ ಅಲ್ಲಿ. ವತ್ಸಲಾ ನನಗೆ ನಾದಿನಿಯಾಗುವ ಮೊದಲು ಕಾಲೇಜಿನಲ್ಲಿ ಒಂದೇ ಬೆಂಚಿನ ಗೆಳತಿ. ಅವಳ ಅಣ್ಣನನ್ನು ಮದುವೆಯಾದ ಮೇಲೂ ನಾನು ಅವಳಿಗೆ ಜಯೂ. 'ಏನೇ', 'ಹೋಗೇ', 'ಸಾಕು ಸುಮ್ನಿರು ಮಾರಾಯ್ತಿ', ಇದೇ ನಮ್ಮ ಭಾಷೆ. ಎರಡು ವರ್ಷದ ಹಿಂದೆ ನನ್ನ ಮಗಳ ನಿಶ್ಚಿತಾರ್ಥ ಬಂತು. ಸೋದರತ್ತೆಯನ್ನು ಮನೆಗೆ ಹೋಗಿ, ಕುಂಕುಮ ಕೊಟ್ಟು ಕರೆಯುವುದು ಪದ್ಧತಿ. ಆಗ ನನ್ನ ಮೇಜಿನ ಮೇಲೆ ಪರೀಕ್ಷೆಯ ಪೇಪರುಗಳ ರಾಶಿ. ವತ್ಸಲಾ ನಮ್ಮವಳೇ ತಾನೇ ಎಂದು ಮೊಬೈಲಿನಲ್ಲಿ ಕಾರ್ಡು ಕಳಿಸಿ, ಕೆಳಗೆ 'ತಪ್ಪದೆ ಬಾರೇ' ಎಂದು ಬರೆದು ಕೈತೊಳೆದುಕೊಂಡೆ. ಹಿಂದಿನ ಬೀದಿಯ ಅರ್ಧ ಪರಿಚಯದವರ ಮನೆಗೆ ಮಾತ್ರ ಬೆಳ್ಳಿಯ ಬಟ್ಟಲು ಹಿಡಿದು ಖುದ್ದಾಗಿ ಹೋಗಿದ್ದೆ. 'ನಮ್ಮವರು' ಎನ್ನುವ ಮಾತು ಸೋಮಾರಿಗಳಿಗೆ ಎಷ್ಟು ಉಪಕಾರಿ ಎಂಬುದು ನನಗೆ ಚೆನ್ನಾಗಿ ಗೊತ್ತು.

ಅವಳು ಜಗಳವಾಡಲಿಲ್ಲ. ಬಂದಳು, ಮೂರನೇ ಸಾಲಿನಲ್ಲಿ ಕೂತಳು, ಮಗಳಿಗೆ ಸೀರೆ ಕೊಟ್ಟಳು, ಊಟ ಮಾಡಿದಳು. ಹೊರಡುವಾಗ ನನ್ನ ಕೈ ಹಿಡಿದು, 'ತುಂಬ ಚೆನ್ನಾಗಾಯ್ತು ಅತ್ತಿಗೆ. ಬರ್ತೀನಿ, ನೀವೂ ಬನ್ನಿ' ಎಂದಳು. ಬೈದಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು. 'ನೀವು' ಎಂದರೆ ಏನು ಉತ್ತರ ಕೊಡುವುದು? ಅಂದಿನಿಂದ ಅವಳು ನನ್ನನ್ನು ಬಹಳ ಮರ್ಯಾದೆಯಿಂದ ಕಂಡಳು. ಹಬ್ಬಕ್ಕೆ ಫೋನು ಮಾಡಿದಳು, ಆರೋಗ್ಯ ವಿಚಾರಿಸಿದಳು, 'ನೀವು' ಬಿಡಲಿಲ್ಲ. ನಾನು ಎರಡು ಸಲ 'ತಪ್ಪಾಯ್ತು ಕಣೇ' ಎಂದೆ. ಎರಡು ಸಲವೂ 'ಅಯ್ಯೋ, ಅದರಲ್ಲೇನಿದೆ ಅತ್ತಿಗೆ' ಎಂದು ನಕ್ಕಳು. ಅಷ್ಟು ಮರ್ಯಾದೆಯನ್ನು ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

ಹೀಗಿರುವಾಗ ತಾನಾಗಿ ಬಂದು ಕೊಟ್ಟ ಕೋಟು ಇದು. ಕೊಟ್ಟ ಹಾಗೆಯೇ ಹಿಂದಿರುಗಿಸಿದರೆ ನಮ್ಮಿಬ್ಬರ ನಡುವೆ ಏನಾದರೂ ಸಡಿಲವಾದೀತು ಎಂಬ ಆಸೆ ನನಗೆ. ಇದಕ್ಕೇನಾದರೂ ಆಗಿಬಿಟ್ಟರೆ ಆ 'ನೀವು' ಜನ್ಮಪೂರ್ತಿ ಖಾಯಂ ಎಂಬ ಹೆದರಿಕೆಯೂ ಅಷ್ಟೇ.

ಕನ್ನಡದಲ್ಲಿ 'ಕಾಯು' ಎಂದೊಂದು ಕ್ರಿಯಾಪದವಿದೆ. ತರಗತಿಯಲ್ಲಿ ಅದು ಬಂದಾಗಲೆಲ್ಲ ನನಗೆ ಖುಷಿ. ನೀರು ಕಾಯುತ್ತದೆ, ಹೆಂಚು ಕಾಯುತ್ತದೆ. ದೇವರು ನಮ್ಮನ್ನು ಕಾಯುತ್ತಾನೆ, ನಾಯಿ ಮನೆ ಕಾಯುತ್ತದೆ, ನಾವು ಬಸ್ಸು ಕಾಯುತ್ತೇವೆ. ಬಿಸಿಯಾಗುವುದು, ರಕ್ಷಿಸುವುದು, ದಾರಿ ನೋಡುವುದು, ಮೂರಕ್ಕೂ ಒಂದೇ ಮಾತು. ಇದು ಸಾಲದೆಂದು ನಮ್ಮ ಕಡೆ ಬೆಂಕಿಯ ಮುಂದೆ ಕೂರುವುದಕ್ಕೆ 'ಚಳಿ ಕಾಯಿಸುವುದು' ಎನ್ನುತ್ತಾರೆ. ಮೈ ಕಾಯಿಸುವುದು ಸರಿ ಮಿಸ್, ಚಳಿಯನ್ನೇ ಕಾಯಿಸಿದರೆ ಅದು ಏನಾಗುತ್ತದೆ ಎಂದು ಮಕ್ಕಳು ಕೇಳುತ್ತಾರೆ. ಆ ಶನಿವಾರ ಸಂಜೆ ಏಳು ಗಂಟೆಗೆ ಉಳಿದವರೆಲ್ಲ ಗಾಜನೂರಿನಲ್ಲಿ ಚಳಿ ಕಾಯಿಸುತ್ತಿದ್ದರು, ನಾನು ಕೋಟು ಕಾಯುತ್ತಿದ್ದೆ.

'ಮೇಡಂ, ಪರೀಕ್ಷೆ ಡ್ಯೂಟಿ ಇದ್ದಂಗೆ ಅಲ್ಲಿ ಯಾಕೆ ಕೂತಿದೀರಿ?' ಎಂದು ಇಮ್ತಿಯಾಜ್ ಸರ್ ಹತ್ತಿರ ಬಂದರು. ಕೋಟಿನ ಸಮಾಚಾರ ಹೇಳಿದೆ, ಎರಡು ವರ್ಷದ ಸಮಾಚಾರ ಹೇಳಲಿಲ್ಲ. ಮೂವತ್ತು ವರ್ಷ ಮಕ್ಕಳ ಕ್ಯಾಂಪು ನಡೆಸಿದ ಮನುಷ್ಯ, ವಿಷಯವನ್ನು ಗಂಭೀರವಾಗಿಯೇ ತೆಗೆದುಕೊಂಡರು. ಒಂದಿಷ್ಟು ಒಣ ಹುಲ್ಲು ಕಿತ್ತು ಗಾಳಿಯಲ್ಲಿ ತೂರಿ ನೋಡಿ, ತಲೆಯಾಡಿಸಿದರು.

'ದೂರ ಕೂತ್ರೆ ಆಗಲ್ಲ ಮೇಡಂ. ಗಾಳಿ ಹೊಳೆ ಕಡೆಯಿಂದ ಬರ್ತಿದೆ. ಕಿಡಿ ಗಾಳಿ ಜೊತೆ ಹಾರುತ್ತೆ. ಅದು ಬಂದು ಬೀಳೋ ಜಾಗದಲ್ಲೇ ನೀವು ಕರೆಕ್ಟಾಗಿ ಕೂತಿದೀರಿ. ಈ ಕಡೆ ಬನ್ನಿ, ಗಾಳಿಗೆ ಬೆನ್ನು ಕೊಟ್ಟು ಕೂತ್ಕೊಳ್ಳಿ.'

ಅಂದರೆ ಅರ್ಧ ಗಂಟೆಯಿಂದ ನಾನು ಕೋಟನ್ನು ಕಾಯುತ್ತಿದ್ದದ್ದು ಕಿಡಿಗಳ ಹೆದ್ದಾರಿಯಲ್ಲಿ. ಒಂದೂ ಬಿದ್ದಿರಲಿಲ್ಲ ಎಂಬುದು ದೇವರ ದಯೆ. ಇಮ್ತಿಯಾಜ್ ಸರ್ ಅಷ್ಟಕ್ಕೇ ಬಿಡದೆ ತಮ್ಮ ಹಳೇ ಕರಿ ಕಂಬಳಿ ತಂದು ನನ್ನ ಹೆಗಲ ಮೇಲೆ ಹೊದಿಸಿದರು. 'ದುಬಾರಿದು ಒಳಗಿರ್ಲಿ, ಹಳೇದು ಮೇಲಿರ್ಲಿ. ನೈಲಾನು ಕರಗುತ್ತೆ ಮೇಡಂ, ಉಣ್ಣೆ ಕರಗಲ್ಲ. ಕಿಡಿ ಬಿದ್ರೆ ಕೊಡವಿಬಿಟ್ರಾಯ್ತು.'

ಇದು ನನ್ನ ಅಜ್ಜಿಗೂ ಗೊತ್ತಿತ್ತು ಎಂದು ಆಗ ಹೊಳೆಯಿತು. ಮಡಿಯಲ್ಲಿ ಅಡುಗೆ ಮಾಡುವಾಗ ಅವರು ಉಡುತ್ತಿದ್ದದ್ದು ಧಾಬಳಿ, ಉಣ್ಣೆಯ ಬಟ್ಟೆ. ಸೌದೆ ಒಲೆಯ ಮುಂದೆ ಅಷ್ಟು ವರ್ಷ ಕೂತರೂ ಆ ಧಾಬಳಿಯಲ್ಲಿ ಕಿಡಿ ಮಾಡಿದ ತೂತು ಒಂದೂ ಇರಲಿಲ್ಲ. ಇದ್ದದ್ದೆಲ್ಲ ಇಲಿ ಮಾಡಿದ್ದು. ನೈಲಾನ್ ಸೀರೆ ಉಟ್ಟು ಅಡುಗೆಮನೆಯ ಹೊಸಿಲು ತುಳಿದರೆ ಮೈಲಿಗೆ ಎಂದು ಅವರು ಗದರಿದಾಗ ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಅಜ್ಜಿಯ ಶಾಸ್ತ್ರದಲ್ಲಿ ಅರ್ಧ ಭಾಗ ಅಗ್ನಿಶಾಮಕ ದಳದ್ದು ಎಂಬುದನ್ನು ಐವತ್ತನಾಲ್ಕನೇ ವಯಸ್ಸಿನಲ್ಲಿ ಡ್ರಿಲ್ ಮೇಷ್ಟ್ರಿಂದ ಕಲಿತೆ.

ಗಾಳಿಗೆ ಬೆನ್ನು, ಕೋಟಿಗೆ ಕಂಬಳಿ, ಬೆಂಕಿಗೆ ಪಾದ. ಮುಕ್ಕಾಲು ಗಂಟೆ ಪರಮಸುಖ. ಗೆಣಸು ಸುಟ್ಟು ತಿಂದೆವು, ಹಳೆಯ ಹೆಡ್‌ಮಾಸ್ಟರುಗಳನ್ನು ನೆನೆದು ನಕ್ಕೆವು. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ನನಗೊಂದು ರೋಗವಿದೆ. ಬೇರೆಯವರು ಬೆಂಕಿ ಉರಿಸುವುದನ್ನು ಸುಮ್ಮನೆ ನೋಡಿಕೊಂಡು ಕೂರಲು ನನ್ನಿಂದಾಗದು. ನಮ್ಮ ಗಣಿತದ ಮೇಷ್ಟ್ರು ಸೌದೆಯನ್ನು ಸಮಾನಾಂತರ ರೇಖೆಗಳಾಗಿ ಜೋಡಿಸುತ್ತಿದ್ದರು. ಹೊಗೆ ಬರುತ್ತಿತ್ತೇ ಹೊರತು ಉರಿ ಬರುತ್ತಿರಲಿಲ್ಲ. ಬಚ್ಚಲ ಹಂಡೆಗೆ ಬೆಂಕಿ ಹಾಕಿಯೇ ಬೆಳೆದ ನಾನು ಎಷ್ಟು ಹೊತ್ತು ಸಹಿಸಲಿ? 'ಹಾಗಲ್ಲ ಸರ್, ಅಡ್ಡಡ್ಡ ಇಡಬೇಕು, ಬಿಡಿ ಇಲ್ಲಿ' ಎಂದು ಎದ್ದೆ. ಕಂಬಳಿ ಹಿಂದೆ ಜಾರಿ ಬಿತ್ತು. ಕೈಗೆ ಸಿಕ್ಕಿದ ತುಂಡೊಂದನ್ನು ಒಳಕ್ಕೆ ತಳ್ಳಿ, ಉಳಿದವನ್ನು ಬಗ್ಗಿ ಸರಿಮಾಡತೊಡಗಿದೆ. ಕೈಗೆ ಸಿಕ್ಕಿದ್ದು ಬಿದಿರು, ಅದೂ ಎರಡೂ ತುದಿಗೆ ಗಂಟಿದ್ದದ್ದು. ಒಳಗೆ ಸಿಕ್ಕಿಕೊಂಡ ಗಾಳಿ ಬಿಸಿಯಾದರೆ ಬಿದಿರು ಸಿಡಿಯುತ್ತದೆ ಎಂಬುದು ಹಂಡೆಯ ಒಲೆಯ ಮೊದಲ ಪಾಠ. ನಾನೇ ಎಷ್ಟು ಜನರಿಗೆ ಹೇಳಿಲ್ಲ! 'ಮೇಡಂ, ಬಿದಿರು...' ಎಂದು ಇಮ್ತಿಯಾಜ್ ಸರ್ ಓಡಿ ಬರುವಷ್ಟರಲ್ಲಿ ಫಟ್ ಎಂದಿತು.

ನೋವಿಲ್ಲ, ಉರಿಯಿಲ್ಲ. ಎಡದೋಳಿನ ಮೇಲೆ ಹೆಸರುಕಾಳಿನಷ್ಟು ತೂತು, ಅಂಚು ಕರಗಿ ಗಟ್ಟಿಯಾಗಿದೆ. ಸಂಸ್ಕೃತದಲ್ಲಿ ಬೆಂಕಿಗೆ ಆಶ್ರಯಾಶ ಎಂದೊಂದು ಹೆಸರಿದೆ, ಆಸರೆ ಕೊಟ್ಟದ್ದನ್ನೇ ತಿನ್ನುವವನು ಎಂದು ಅರ್ಥ. ಸಂಜೆಯಿಂದ ನನ್ನನ್ನು ಬೆಚ್ಚಗಿಟ್ಟ ಕೋಟನ್ನು ನಾನೇ ಸುಟ್ಟು ನಿಂತಿದ್ದೆ. ಆ ಹೆಸರು ಬೆಂಕಿಗಿಂತ ನನಗೇ ಹೆಚ್ಚು ಒಪ್ಪುತ್ತಿತ್ತು. ಗಾಬರಿಯಲ್ಲಿ ತೂತಿನ ಸುತ್ತ ಒತ್ತಿ ನೋಡಿದೆ. ಒಳಗಿಂದ ಒಂದು ಬಿಳಿ ಪುಕ್ಕ ಎದ್ದು ಬಂತು. 'ಬಾತುಕೋಳಿದು ಮೇಡಂ, ಒಳಗೆಲ್ಲ ಅದೇ ತುಂಬಿರ್ತಾರೆ' ಎಂದರು ಇಮ್ತಿಯಾಜ್ ಸರ್. ಇಷ್ಟು ಹೊತ್ತೂ ಬಾತುಕೋಳಿಯನ್ನು ಹೊದ್ದು ಕೂತಿದ್ದೆನೆಂದು ಬೆಚ್ಚಿಬೀಳಬೇಕಿತ್ತು, ಅದಕ್ಕೂ ಪುರಸೊತ್ತಿರಲಿಲ್ಲ. ಎರಡನೆಯ ಪುಕ್ಕ ಬಂತು, ಮೂರನೆಯದು ಬಂತು.

'ಏನಾದ್ರೂ ಅಂಟಿಸಿ ಮೇಡಂ, ಇಲ್ದಿದ್ರೆ ಬೆಳಿಗ್ಗೆಗೆ ತೋಳು ಖಾಲಿ.'

ಹೊಳೆ ದಡದಲ್ಲಿ ಅಂಟಿಸಲು ಏನಿರುತ್ತದೆ? ಕೈ ತಾನಾಗಿ ಹಣೆಗೆ ಹೋಯಿತು. ನಾನು ಇಟ್ಟುಕೊಳ್ಳುವುದು ಮೆರೂನು ಬಣ್ಣದ ದೊಡ್ಡ ಸ್ಟಿಕ್ಕರ್ ಬೊಟ್ಟು. ಕಿತ್ತು ತೂತಿನ ಮೇಲೆ ಒತ್ತಿದೆ. ಅಳತೆ ಕೊಟ್ಟು ಮಾಡಿಸಿದಷ್ಟು ಸರಿಯಾಗಿ ಕೂತಿತು. ಪುಕ್ಕ ನಿಂತಿತು.

ಭಾನುವಾರ ಬೆಳಿಗ್ಗೆ ಮನೆಗೆ ಬಂದವಳೇ, ಕಾಲಿಗೆ ನೀರು ಹಾಕಿಕೊಳ್ಳುವ ಮೊದಲು ಫೋನು ಹಿಡಿದೆ. ಬೊಟ್ಟು ಅಂಟಿಸಿ, ಮಡಿಸಿ, ಏನೂ ಆಗದವಳಂತೆ ವಾಪಸು ಕೊಟ್ಟುಬಿಡುವ ಯೋಚನೆ ದಾರಿಯಲ್ಲಿ ಬರಲೇ ಇಲ್ಲ ಎಂದರೆ ಸುಳ್ಳಾದೀತು. ಬಂತು, ಸಾಕಷ್ಟು ದೂರ ಜೊತೆಗೇ ಬಂತು. ಅದು ಇನ್ನೊಮ್ಮೆ ಬರುವ ಮೊದಲು ಹೇಳಿ ಮುಗಿಸೋಣವೆಂದು ಅವಸರ. ವತ್ಸಲಾ ಅದನ್ನು ಕೋಟು ಎನ್ನುತ್ತಿದ್ದಳು. ಹಿಂದಿನ ದಿನವೆಲ್ಲ ಕ್ಯಾಂಪಿನವರ ಬಾಯಲ್ಲಿ ಕೇಳಿ ಕೇಳಿ ನನ್ನ ನಾಲಿಗೆಗೆ ಬಂದದ್ದು ಬೇರೆ.

'ವತ್ಸಲಾ, ಜಾಕೆಟ್ಟು ಸುಟ್ಟೋಯ್ತು ಕಣೇ. ತೋಳಲ್ಲಿ ತೂತಾಗಿದೆ.'

'ಅಯ್ಯೋ, ಅಷ್ಟೇ ತಾನೇ ಅತ್ತಿಗೆ? ಬಿಡಿ, ಇನ್ನೊಂದು ಹೊಲಿಸಿದ್ರಾಯ್ತು. ಯಾವ ಸೀರೆದು?'

ನಮ್ಮ ಮನೆಗಳಲ್ಲಿ ಜಾಕೀಟು, ಜಾಕೆಟ್ಟು ಎಂದರೆ ಸೀರೆಯ ಜೊತೆ ತೊಡುವ ರವಿಕೆ. ಇಸ್ತ್ರಿ ಹಾಕುವಾಗ ನನ್ನ ಯಾವುದೋ ರವಿಕೆ ಸುಟ್ಟಿದೆ, ಪಾಪ ಬೇಜಾರಿನಲ್ಲಿ ಫೋನು ಮಾಡಿದ್ದಾಳೆ ಎಂದುಕೊಂಡಿದ್ದಾಳೆ ಅವಳು. ಅವಳ 'ಅಷ್ಟೇ ತಾನೇ' ಕೇಳಿ ಒಂದು ಗಳಿಗೆ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಆ ಸಮಾಧಾನವನ್ನು ಕೈಬಿಡಲು ಮನಸ್ಸು ಬರಲಿಲ್ಲ. ಬಾಯಿ ನನ್ನ ಅಪ್ಪಣೆಗೆ ಕಾಯದೆ 'ಹಸಿರು ಸೀರೆದು' ಎಂದುಬಿಟ್ಟಿತು. ಫೋನಿಟ್ಟ ಮೇಲೆ ಸೋಫಾದ ಮೇಲಿದ್ದ ನಮ್ಮ ಯಜಮಾನರು, 'ಯಾವ ಹಸಿರು ಸೀರೆ?' ಎಂದರು. ನನ್ನ ಹತ್ತಿರ ಹಸಿರು ಸೀರೆಯೇ ಇಲ್ಲ.

ನಡೆದದ್ದನ್ನು ಅವರಿಗೆ ಹೇಳಿದೆ, ಹೇಳುತ್ತಲೇ ನಾಚಿಕೆಯಾಯಿತು. ಬೆವರು ಬರಿಸುವಂಥದ್ದನ್ನೆಲ್ಲ ಫೋನಿನಲ್ಲಿ ಮುಗಿಸುವ ಹಳೇ ಚಾಳಿ. ಅದರಿಂದಲೇ ಒಮ್ಮೆ ಕೆಟ್ಟವಳು ನಾನು. ಕೋಟನ್ನು ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಭದ್ರಾವತಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹೇಳಬೇಕಾದ ಮಾತುಗಳನ್ನು ಉರುಹೊಡೆದೆ. ಒಂದು ವಿನಯದ ಪಾಠ, ಒಂದು ಹಾಸ್ಯದ ಪಾಠ, ಎರಡೂ ಫಲಿಸದಿದ್ದರೆ ಅಳುವ ಪಾಠ. ಹೊಳೆಯ ಸೇತುವೆ ದಾಟುವಷ್ಟರಲ್ಲಿ ಮೂರೂ ಮರೆತುಹೋಗಿದ್ದವು.

'ಬನ್ನಿ ಅತ್ತಿಗೆ, ಕೂತ್ಕೊಳ್ಳಿ. ಏನು ಇದ್ದಕ್ಕಿದ್ದ ಹಾಗೆ?' ಎಂದು ವತ್ಸಲಾ ನೀರು ತಂದಿಟ್ಟಳು. ನಾನು ಕೂರಲಿಲ್ಲ. ಕೋಟು ತೆಗೆದು ಎಡದೋಳನ್ನು ಮುಂದೆ ಹಿಡಿದೆ.

'ಹಸಿರು ಸೀರೆದಲ್ಲ. ಇದು. ನಾನೇ ಸುಟ್ಟದ್ದು. ಬೆಂಕಿಗೆ ಬಿದಿರು ಹಾಕ್ದೆ, ಸಿಡೀತು.'

ಅವಳು ಕೋಟನ್ನು ಕಿಟಕಿಯ ಬೆಳಕಿಗೆ ಒಯ್ದಳು. ತೋಳಿನ ಮೇಲಿನ ಮೆರೂನು ಬೊಟ್ಟು ನೋಡಿದಳು. ತಿರುಗಿ ನನ್ನ ಹಣೆ ನೋಡಿದಳು, ಅಲ್ಲಿ ಅದೇ ಬಣ್ಣದ, ಅದೇ ಅಳತೆಯ ಇನ್ನೊಂದಿತ್ತು. ಉಗುರಿನಿಂದ ಬೊಟ್ಟನ್ನು ಮೆಲ್ಲಗೆ ಎಬ್ಬಿಸಿದಳು. ಒಂದು ಪುಕ್ಕ ಹೊರಬಂದು ಅವಳ ಮೂಗಿನ ಮುಂದೆ ಹಾರಿತು.

'ಅಲ್ವೇ,' ಎಂದಳು. 'ನಿಶ್ಚಿತಾರ್ಥಕ್ಕೆ ನನಗೆ ಕುಂಕುಮ ಕೊಟ್ಟು ಕರೆಯೋಕೆ ನಿನಗೆ ಪುರಸೊತ್ತಿರ್ಲಿಲ್ಲ. ನನ್ನ ಕೋಟಿಗೆ ಮಾತ್ರ ಬೊಟ್ಟಿಟ್ಟು ಕರ್ಕೊಂಡು ಬಂದಿದೀಯಲ್ಲೇ!'

ಆಮೇಲೆ ಶುರುವಾಯಿತು ನೋಡಿ. 'ಬಿದಿರು ಯಾರಾದ್ರೂ ಬೆಂಕಿಗೆ ಹಾಕ್ತಾರೇನೇ? ನಿನಗೆ ಬುದ್ಧಿ ಇದೆಯೇನೇ?' ಎಂದು ಆರಂಭಿಸಿ, ಕೋಟಿನಿಂದ ನಿಶ್ಚಿತಾರ್ಥಕ್ಕೆ ಹಾರಿ, ಹದಿನೈದು ನಿಮಿಷ ಎಡೆಬಿಡದೆ ಬೈದಳು. 'ಮೂರನೇ ಸಾಲಲ್ಲಿ ಕೂತಿದ್ದೆ ಕಣೇ, ಸೋದರತ್ತೆ ನಾನು! ಪಕ್ಕದವರ್ಯಾರೋ ಕೇಳಿದ್ರು, ನೀವು ಹುಡುಗನ ಕಡೆಯವರಾ ಅಂತ. ಏನಂತ ಹೇಳ್ಲಿ ಮಾರಾಯ್ತಿ ನಾನು?' ಎನ್ನುವಾಗ ಅವಳ ದನಿ ಒಡೆಯಿತು. ಇದು ನನಗೆ ಗೊತ್ತೇ ಇರಲಿಲ್ಲ. ನನಗೂ ಅಳು ಬಂತು. 'ತಪ್ಪಾಯ್ತು ವತ್ಸಲಾ' ಎಂದೆ. ಈ ಸಲ ಅವಳು 'ಅದರಲ್ಲೇನಿದೆ' ಎನ್ನಲಿಲ್ಲ. 'ಹೌದು, ತಪ್ಪೇ' ಎಂದಳು. ಎರಡು ವರ್ಷದಿಂದ ಹೆಗಲ ಮೇಲಿದ್ದದ್ದು ಇಳಿದ ಹಾಗಾಗಿ ನಾನು ಕುರ್ಚಿಯಲ್ಲಿ ಕುಸಿದು ಕೂತು, ಅವಳಿಟ್ಟ ನೀರನ್ನು ಅಷ್ಟೂ ಕುಡಿದೆ.

ಊಟಕ್ಕೆ ಹಾಕುವಾಗ ಅವಳೇ ಹೇಳಿದಳು. ಲಡಾಖಿನ ಪ್ರವಾಸ ಗಂಡನ ಮಂಡಿನೋವಿನಿಂದ ತಪ್ಪಿಹೋದದ್ದು, ಹಾಳಾದೀತೆಂದು ಆ ಕೋಟನ್ನು ತಾನು ಒಂದು ಸಲವೂ ತೊಡದೆ ಬೀರುವಿನಲ್ಲಿಟ್ಟದ್ದು. 'ಇನ್ನೇನು, ತೂತಾಯ್ತಲ್ಲ, ಧೈರ್ಯವಾಗಿ ಹಾಕ್ಕೋತೀನಿ' ಎಂದು ಕತ್ತರಿ ತಂದು ಬೆಲೆಯ ಚೀಟಿ ಕತ್ತರಿಸಿದಳು. ಭದ್ರಾವತಿಯ ಮಟಮಟ ಮಧ್ಯಾಹ್ನದಲ್ಲಿ ಕೋಟು ತೊಟ್ಟು, ಬೆವರುತ್ತಾ, ಕನ್ನಡಿಯೆದುರು ಹಿಂದೆ ಮುಂದೆ ತಿರುಗಿ ನೋಡಿಕೊಂಡಳು. ಬಹಳ ಚೆನ್ನಾಗಿ ಕಾಣುತ್ತಿದ್ದಳು. ನಾವಿಬ್ಬರೂ ಎರಡು ವರ್ಷ ಒಬ್ಬರನ್ನೊಬ್ಬರು ಕೂಡ ಹೀಗೇ ಬೀರುವಿನಲ್ಲಿಟ್ಟುಕೊಂಡಿದ್ದೆವೇನೋ ಎಂದು ನನಗನಿಸಿತು. ಹೇಳಲಿಲ್ಲ, ಹೇಳಿದ್ದರೆ ಪಾಠ ಶುರುಮಾಡಿದೆ ಎಂದು ಮತ್ತೆ ಬೈಯುತ್ತಿದ್ದಳು.

ದುಬಾರಿ ಬಟ್ಟೆಯನ್ನು ಬೆಂಕಿಯಿಂದ ಕಾಪಾಡುವುದು ಹೇಗೆಂದು ಈಗ ಯಾರಾದರೂ ಕೇಳಿದರೆ ನಾನು ಅಧಿಕಾರವಾಣಿಯಿಂದ ಹೇಳಬಲ್ಲೆ. ಗಾಳಿ ನೋಡಿ ಕೂರಿ, ಹಸಿ ಸೌದೆಯನ್ನೂ ಬಿದಿರನ್ನೂ ದೂರವಿಡಿ, ಮೇಲೊಂದು ಹಳೇ ಕಂಬಳಿ ಹೊದೆಯಿರಿ, ಮುಖ್ಯವಾಗಿ ಬೇರೆಯವರು ಹಾಕಿದ ಬೆಂಕಿಗೆ ಬುದ್ಧಿ ಹೇಳಲು ಹೋಗಬೇಡಿ. ಇಷ್ಟು ಮಾಡಿದರೆ ಬಟ್ಟೆ ಉಳಿಯುತ್ತದೆ. ಉಳಿದದ್ದರಿಂದ ಏನು ಲಾಭವಾಯಿತು ಎಂಬುದನ್ನು ಮಾತ್ರ ನೀವೇ ನೋಡಿಕೊಳ್ಳಬೇಕು.

ಸಂಜೆ ಮನೆಗೆ ಬಂದಾಗ ನಮ್ಮ ಯಜಮಾನರು ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದರು. ಪೇಪರು ಬೆಳಿಗ್ಗೆಯದೇ, ಪುಟವೂ ಬೆಳಿಗ್ಗೆಯದೇ. ಹೆಂಡತಿಗೂ ತಂಗಿಗೂ ನಡುವೆ ಎರಡು ವರ್ಷ ಬಾಯಿಬಿಡದೆ ದಿನ ತೆಗೆದ ಮನುಷ್ಯ.

'ಏನಂದ್ಳು?' ಎಂದರು.

'ಚೆನ್ನಾಗಿ ಬೈದ್ಳು. ನಿನಗೆ ಬುದ್ಧಿ ಇದೆಯೇನೇ ಅಂದ್ಳು.'

ಅವರು ಪೇಪರು ಕೆಳಗಿಳಿಸಿದರು. 'ನಿನಗೆ ಅಂದ್ಳಾ, ನಿಮಗೆ ಅಂದ್ಳಾ?'

ಚಪ್ಪಲಿ ಬಿಡುತ್ತಿದ್ದವಳು ಒಂದು ಕಾಲಿನ ಮೇಲೆ ಹಾಗೇ ನಿಂತೆ. ಮೂವತ್ತು ವರ್ಷ ಮಕ್ಕಳಿಗೆ ಸರ್ವನಾಮ ಕಲಿಸಿದ ಟೀಚರು ನಾನು. ಆ ಹದಿನೈದು ನಿಮಿಷದ ಬೈಗುಳದಲ್ಲಿ ಒಂದೇ ಒಂದು ಸರ್ವನಾಮವೂ ನನ್ನ ಕಿವಿಗೆ ಬಿದ್ದಿರಲಿಲ್ಲ.

'ನಿನಗೆ ಅಂದ್ಳು ಕಣ್ರೀ' ಎಂದೆ.

ಅವರು ಕನ್ನಡಕ ತೆಗೆದು, ಪೇಪರು ಮಡಿಸಿಟ್ಟರು.

'ಇಷ್ಟಕ್ಕೇ ಸರಿಹೋಗೋದಾಗಿದ್ರೆ, ಎರಡು ವರ್ಷದ ಹಿಂದೇನೇ ಏನಾದ್ರೂ ಒಂದನ್ನ ಸುಡಬಹುದಿತ್ತಲ್ಲೇ ಮಾರಾಯ್ತಿ' ಎಂದರು.